ನನ್ನ ಹಿತ್ತಲಿನಿಂದ ಗೆಜ್ಜೆಹೂ ಒಯ್ದವರಿಗೆಲ್ಲ

ಮಿಶಿಗನ್ನಿನ ಟ್ರಾಯ್, ನೋವೈ, ಕ್ಯಾಂಟನ್, ಆನ್ ಆರ್ಬರ್ ಕಡೆಯ ನನ್ನ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ,

ಹದಿನೆಂಟು ವರ್ಷಗಳಿಂದ ನನ್ನ ಮನೆಗೆ ಬಂದವರು ಬರಿಗೈಯಲ್ಲಿ ಹೋದದ್ದು ಕಡಿಮೆ. ಗೌರಿ ಬಾಗಿನಕ್ಕೆ, ಮಕ್ಕಳ ಹುಟ್ಟುಹಬ್ಬಕ್ಕೆ, ಸುಮ್ಮನೆ ಕಾಫಿಗೆ ಬಂದವರನ್ನೂ ಹೊರಡುವಾಗ ಗ್ಯಾರೇಜಿನ ಹಿಂದಕ್ಕೆ ಕರೆದೊಯ್ದು, ಗುದ್ದಲಿಯಲ್ಲಿ ಒಂದು ಹೆಂಟೆ ಎತ್ತಿ, ಮೊಸರಿನ ಖಾಲಿ ಡಬ್ಬಿಗೋ ದಿನಸಿ ತಂದ ಕವರಿಗೋ ಹಾಕಿ ಕೊಟ್ಟಿದ್ದೇನೆ. ಅದರಲ್ಲಿದ್ದದ್ದು ಲಿಲಿ ಆಫ್ ದ ವ್ಯಾಲಿಯ ಬೇರು. ಹೂವು ಗೆಜ್ಜೆ ಪೋಣಿಸಿದ ಹಾಗಿರುತ್ತದೆಂದು ನನ್ನ ಮಗಳು ಚಿಕ್ಕವಳಿದ್ದಾಗ ಅದನ್ನು ಗೆಜ್ಜೆಹೂ ಎಂದಳು; ನಿಮ್ಮ ಮನೆಗಳಿಗೂ ಅದು ಆ ಹೆಸರಿನಲ್ಲೇ ಹೋಯಿತು. "ನೆರಳಲ್ಲಿ ನೆಡಿ, ನೀರು ಹಾಕಿ, ಅದರ ಪಾಡಿಗೆ ಅದು ಬರುತ್ತೆ." ನಾನು ಹೇಳಿ ಕಳಿಸಿದ್ದು ಇಷ್ಟೇ. ಹೇಳಬೇಕಾದದ್ದು ಇನ್ನೂ ಇತ್ತು, ಹೇಳಲಿಲ್ಲ. ಯಾರು ಯಾರಿಗೆ ಕೊಟ್ಟೆನೆಂಬ ಲೆಕ್ಕ ನನ್ನಲ್ಲಿಲ್ಲ. ನಿಮ್ಮಿಂದ ಅದು ಮುಂದೆ ಯಾರ ಮನೆಗೆ ಹೋಯಿತೋ ಅದೂ ಗೊತ್ತಿಲ್ಲ. ಒಬ್ಬೊಬ್ಬರಿಗೇ ಫೋನು ಮಾಡಿ ಮುಗಿಯುವ ಕೆಲಸವಲ್ಲವೆಂದು ಎಲ್ಲರಿಗೂ ಸೇರಿಸಿ ಬರೆಯುತ್ತಿದ್ದೇನೆ.

ಕಳೆದ ನಾಗರಪಂಚಮಿಯ ಬೆಳಿಗ್ಗೆ ನಿಮ್ಮಲ್ಲೇ ಒಬ್ಬರಿಂದ ಫೋನು ಬಂತು. ಹೆಸರು ಬೇಡ. ಅವರ ಅತ್ತೆ ತೀರ್ಥಹಳ್ಳಿ ಕಡೆಯವರು, ಮೊಮ್ಮಗುವನ್ನು ನೋಡಿಕೊಳ್ಳಲು ಆರು ತಿಂಗಳಿಗೆ ಬಂದಿದ್ದರು. "ಅಕ್ಕಾ, ನೀವು ಕೊಟ್ಟ ಗಿಡದ ಎಲೇಲಿ ಅತ್ತೆ ಕಡುಬು ಮಾಡ್ತಿದಾರೆ. ಅರಿಶಿನದ ಎಲೆ ಇದ್ದಂಗೇ ಇದೆ, ಆದ್ರೆ ಘಮ ಯಾಕೆ ಇಲ್ಲ, ಬಲಿತಿಲ್ವೋ ಏನೋ ಅಂತ ಕೇಳ್ತಿದಾರೆ." ನನ್ನ ಕೈಕಾಲು ತಣ್ಣಗಾದವು. ಅವರು ಕಳಿಸಿದ ಫೋಟೋದಲ್ಲಿ ಅಡುಗೆಕಟ್ಟೆಯ ಮೇಲೆ ಹತ್ತು ಹನ್ನೆರಡು ಎಲೆಗಳನ್ನು ತೊಳೆದು, ಒರೆಸಿ, ಒಂದರ ಪಕ್ಕ ಒಂದು ಹಾಸಿಟ್ಟಿದ್ದರು. ನಾಲ್ಕಕ್ಕೆ ಆಗಲೇ ಅಕ್ಕಿಹಿಟ್ಟು ಸವರಿ, ಕಾಯಿಬೆಲ್ಲದ ಹೂರಣ ಇಟ್ಟು ಮಡಚಿತ್ತು. ಒಲೆಯ ಮೇಲೆ ಇಡ್ಲಿ ಪಾತ್ರೆಯಲ್ಲಿ ನೀರು ಕುದಿಯುತ್ತಿತ್ತು.

ಎಲ್ಲ ಎಸೆಯಿರಿ, ಹಿಟ್ಟನ್ನೂ ಹೂರಣವನ್ನೂ ಎಸೆಯಿರಿ, ಕೈ ತೊಳೆದುಕೊಳ್ಳಿ, ಮಗು ಏನಾದರೂ ಬಾಯಿಗೆ ಹಾಕಿಕೊಂಡಿದೆಯಾ ನೋಡಿ ಎಂದೆ. ಮಗು ಮಲಗಿತ್ತು. ಯಾರೂ ತಿಂದಿರಲಿಲ್ಲ. ಅಂದು ಸಂಜೆ ಅವರ ಮನೆಗೇ ಹೋದೆ. ಆ ಹಿರಿಯರು ನನ್ನ ಮೇಲೆ ಸಿಟ್ಟಾಗಲಿಲ್ಲ, ಬೈಯಲಿಲ್ಲ. "ತಿನ್ನಬಾರದ ಗಿಡಾನ ಅಡುಗೆಮನೆ ಮೆಟ್ಟಿಲ ಪಕ್ಕ ಯಾಕಮ್ಮ ನೆಟ್ಟಿದೀರಿ?" ಎಂದು ಕೇಳಿದರು. ಆ ಜಾಗ ತೋರಿಸಿದವಳು ನಾನೇ. ಉತ್ತರದ ಗೋಡೆ, ಬಿಸಿಲು ಬೀಳುವುದಿಲ್ಲ, ನಲ್ಲಿ ಪಕ್ಕದಲ್ಲೇ ಇದೆ, ಇಲ್ಲೇ ನೆಡಿ ಎಂದಿದ್ದೆ. ಅವರ ಪ್ರಶ್ನೆಗೆ ಅಂದು ನನ್ನಲ್ಲಿ ಉತ್ತರವಿರಲಿಲ್ಲ.

ನಮ್ಮ ಅಮ್ಮಂದಿರು, ಅತ್ತೆಯಂದಿರು ಹಿತ್ತಲಿಗೆ ಇಳಿದರೆ ಕಣ್ಣಿಗೆ ಬಿದ್ದ ಸೊಪ್ಪಿನಲ್ಲಿ ಅಡುಗೆ ಕಾಣುವವರು. ಒಂದೆಲಗ, ಎಲವರಿಗೆ, ಕೆಸು, ಚಗಟೆ, ಅರಿಶಿನದ ಎಲೆ ಎಂದು ಒಂದೊಂದಕ್ಕೂ ಒಂದು ತಂಬುಳಿಯೋ ಪತ್ರೊಡೆಯೋ ಕಡುಬೋ ಅವರಿಗೆ ಗೊತ್ತು. ಆ ತಿಳಿವಳಿಕೆ ಊರಿನ ಗಿಡಗಳದು; ಇಲ್ಲಿಯ ಗಿಡ ಅದರೊಳಗೆ ಬರುವುದಿಲ್ಲ. ಜುಲೈ, ಆಗಸ್ಟ್ ಹೊತ್ತಿಗೆ ಗೆಜ್ಜೆಹೂವಿನ ಗಿಡದಲ್ಲಿ ಹೂವಿರುವುದಿಲ್ಲ, ಗುರುತಿಗೆ ಬೇರೇನೂ ಇರುವುದಿಲ್ಲ. ಒಂದು ಗೇಣುದ್ದದ, ಮೂರು ನಾಲ್ಕು ಬೆರಳಗಲದ, ಉದ್ದಕ್ಕೆ ಗೆರೆ ಗೆರೆಯಾಗಿ ನರವಿರುವ ಹಸಿರೆಲೆ ಮಾತ್ರ. ಎಳೆಯ ಅರಿಶಿನದ ಎಲೆಯೆಂದು ಯಾರಾದರೂ ಅಂದುಕೊಂಡಾರು. ಅದಕ್ಕೆ ನಾವು ಕೊಟ್ಟ ಹೆಸರಾದರೂ ಎಚ್ಚರಿಸಬೇಕಿತ್ತು. ಗೆಜ್ಜೆ ಎಂಬ ಮುದ್ದಿನ ಹೆಸರು ಎಚ್ಚರಿಕೆಯನ್ನು ಇನ್ನಷ್ಟು ಮರೆಸಿತು.

ಹಾಗಾಗಿ ಮೊದಲ ಮಾತು ಇದು. ಈ ಗಿಡದ ಬೇರು, ಎಲೆ, ದಂಟು, ಹೂ, ಹಣ್ಣು ಎಲ್ಲವೂ ವಿಷ. ಊರಿನಲ್ಲಿ ಕಣಗಿಲೆಯನ್ನು ದೇವರಿಗೆ ಏರಿಸುತ್ತೇವೆ, ಆದರೆ ಅದರ ಸೊಪ್ಪಿಗೆ ದನ ಬಾಯಿ ಹಾಕದ ಹಾಗೆ ಕಾಯುತ್ತೇವಲ್ಲ, ಅದೇ ಬಗೆಯ ವಿಷ ಇದರಲ್ಲೂ ಇದೆ. ಇದರಲ್ಲಿರುವ ಮುಖ್ಯ ವಿಷಕ್ಕೆ ಕಾನ್ವಲಟಾಕ್ಸಿನ್ ಎಂದು ಹೆಸರು. ಅದು ಹಿಡಿಯುವುದು ಹೃದಯವನ್ನು. ಮೊದಲು ಹೊಟ್ಟೆ ತೊಳಸಿ ವಾಂತಿಯಾಗುತ್ತದೆ, ಆಮೇಲೆ ಎದೆಬಡಿತ ನಿಧಾನವಾಗಿ ಲಯ ತಪ್ಪುತ್ತದೆ. ಬೇಯಿಸಿದರೆ ಹೋಗುವ ವಿಷ ಇದಲ್ಲ, ಒಣಗಿದ ಎಲೆಯಲ್ಲೂ ಉಳಿದಿರುತ್ತದೆ. ಹೂದಾನಿಯಲ್ಲಿ ಇಟ್ಟರೆ ಆ ನೀರಿಗೂ ಇಳಿಯುತ್ತದೆ. ಆದ್ದರಿಂದ ಹೂ ಕೊಯ್ದು ತಂದರೆ ಮಕ್ಕಳಿಗೂ ಬೆಕ್ಕಿಗೂ ಎಟುಕದ ಎತ್ತರದಲ್ಲಿಡಿ, ನೀರನ್ನು ನೀವೇ ಚೆಲ್ಲಿ. ಮನೆಯ ಹಿರಿಯರು ಹೃದಯಕ್ಕೆಂದು ಡಿಗಾಕ್ಸಿನ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಇನ್ನೂ ಜಾಗ್ರತೆ ಬೇಕು. ಆ ಮಾತ್ರೆ ಮಾಡುವ ಕೆಲಸವೂ ಈ ವಿಷ ಮಾಡುವ ಕೆಲಸವೂ ಒಂದೇ ದಾರಿಯವು, ಎರಡೂ ಸೇರಿದರೆ ಅಪಾಯ ಹೆಚ್ಚು. ಯಾರಾದರೂ ತಿಂದದ್ದು ಗೊತ್ತಾದರೆ ವಾಂತಿ ಮಾಡಿಸಲು ಹೋಗಬೇಡಿ, ಉಪ್ಪುನೀರು ಕುಡಿಸಬೇಡಿ. ಅಮೆರಿಕದಾದ್ಯಂತ ಹಗಲು ರಾತ್ರಿ ಉತ್ತರಿಸುವ ವಿಷ ಸಹಾಯವಾಣಿ ಇದೆ, 1-800-222-1222. ಆ ಸಂಖ್ಯೆಯನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿಡಿ. ಉಸಿರಾಟಕ್ಕೆ ಕಷ್ಟವಾದರೆ, ಪ್ರಜ್ಞೆ ತಪ್ಪಿದರೆ ನೇರ 911.

ಹಣ್ಣಿನ ವಿಷಯವನ್ನು ಬೇರೆಯಾಗಿ ಹೇಳಬೇಕು. ನನ್ನಲ್ಲಿ ಇಷ್ಟು ವರ್ಷ ಹಣ್ಣು ಕಂಡದ್ದೇ ಅಪರೂಪ. ಒಂದೇ ಬೇರು ಕವಲೊಡೆದು ಕವಲೊಡೆದು ಹಬ್ಬಿದ ಪಾತಿಯಲ್ಲಿರುವುದು ನೂರು ಗಿಡವಲ್ಲ, ಒಂದೇ ಗಿಡ. ಇದು ತನ್ನ ಪರಾಗದಿಂದಲೇ ತಾನು ಕಾಯಿ ಕಟ್ಟುವ ಜಾತಿಯಲ್ಲ. ಆದರೆ ನಿಮ್ಮ ಪಕ್ಕದ ಮನೆಯಲ್ಲಿ ಬೇರೆ ತಾಯಿಬೇರಿನ ಗಿಡವಿದ್ದರೆ ಜೇನುಹುಳು ಆ ಕೆಲಸ ಮುಗಿಸುತ್ತದೆ. ಆಗ ಆಗಸ್ಟ್ ಕೊನೆಗೆ ಬಟಾಣಿ ಗಾತ್ರದ ಕಿತ್ತಳೆಗೆಂಪು ಹಣ್ಣು ತೂಗುತ್ತದೆ. ಮಗುವಿನ ಕಣ್ಣಿಗೆ ಅದಕ್ಕಿಂತ ಚೆಂದದ್ದು ಆ ನೆರಳಿನಲ್ಲಿ ಬೇರೊಂದಿರುವುದಿಲ್ಲ. ನಡೆದಾಡುವ ವಯಸ್ಸಿನ ಮಕ್ಕಳಿದ್ದರೆ ಹೂ ಬಾಡಿದ ಕೂಡಲೇ ದಂಟನ್ನು ಬುಡಕ್ಕೆ ಕತ್ತರಿಸಿಬಿಡಿ. ಎಲೆ ಇದ್ದರೆ ಸಾಕು, ಗಿಡಕ್ಕೇನೂ ನಷ್ಟವಿಲ್ಲ.

ಇನ್ನೊಂದು ಹೋಲಿಕೆ ವಸಂತದ್ದು. ನಿಮ್ಮಲ್ಲಿ ಕೆಲವರು ಈಚೆಗೆ ಏಪ್ರಿಲ್, ಮೇ ತಿಂಗಳಲ್ಲಿ ಕಾಡಿಗೆ ಹೋಗಿ ರ‍್ಯಾಂಪ್ಸ್ ಎನ್ನುವ ಕಾಡುಬೆಳ್ಳುಳ್ಳಿಯ ಸೊಪ್ಪು ತರಲು ಶುರುಮಾಡಿದ್ದೀರಿ. ಯುರೋಪಿನಲ್ಲೂ ಇಂಥದ್ದೇ ಕಾಡುಬೆಳ್ಳುಳ್ಳಿಯೆಂದು ಗೆಜ್ಜೆಹೂವಿನ ಎಲೆಯನ್ನು ಕೊಯ್ದು ತಿಂದು ಜನ ಆಸ್ಪತ್ರೆ ಸೇರಿದ್ದಾರೆ. ಎಲೆ ಉಜ್ಜಿ ಮೂಸಿದರೆ ಗೊತ್ತಾಗುತ್ತದೆ ಎನ್ನುವುದು ನಿಜ, ಆದರೆ ಮೊದಲ ನಾಲ್ಕು ಎಲೆ ಉಜ್ಜುವ ತನಕ ಮಾತ್ರ. ಆಮೇಲೆ ಬೆರಳಿಗೇ ಬೆಳ್ಳುಳ್ಳಿ ಹತ್ತಿಕೊಂಡಿರುತ್ತದೆ, ಯಾವ ಎಲೆ ಮೂಸಿದರೂ ಅದೇ ವಾಸನೆ. ಬುಡ ನೋಡಿ. ಕಾಡುಬೆಳ್ಳುಳ್ಳಿಯ ಎಲೆಗಳು ಗೆಡ್ಡೆಯಿಂದ ಬಿಡಿಬಿಡಿಯಾಗಿ ಬರುತ್ತವೆ, ಅಗೆದರೆ ಸಣ್ಣ ಈರುಳ್ಳಿಯಂಥ ಗೆಡ್ಡೆ ಸಿಗುತ್ತದೆ. ಗೆಜ್ಜೆಹೂವಿನಲ್ಲಿ ಎರಡು ಎಲೆ, ಒಂದರ ಬುಡವನ್ನು ಇನ್ನೊಂದು ಅಪ್ಪಿಕೊಂಡು ಒಂದೇ ದಂಟಿನಂತೆ ಮೇಲೆದ್ದಿರುತ್ತವೆ, ಕೆಳಗೆ ಅಡ್ಡ ಹರಿಯುವ ಬೇರು.

ಇಷ್ಟೆಲ್ಲ ಹೇಳಿದ ಮೇಲೆ, ಹಾಗಾದರೆ ಕಿತ್ತೆಸೆಯುತ್ತೇವೆ ಎಂದು ನೀವು ಅಂದರೆ ನಾನು ತಡೆಯುವವಳಲ್ಲ. ಆದರೆ ನನಗೆ ಈ ಗಿಡದ ಮೇಲೆ ಪ್ರೀತಿ ಇದೆ, ಅದನ್ನೂ ಹೇಳಲೇಬೇಕು.

2003ರ ಅಕ್ಟೋಬರಿನಲ್ಲಿ ಈ ಮನೆಗೆ ಬಂದೆವು. ಹಿತ್ತಲಿನ ತುಂಬ ನಾರ್ವೆ ಮೇಪಲ್ ಮರದ ನೆರಳು. ಮಲೆನಾಡಿನ ತೋಟದಲ್ಲಿ ಬೆಳೆದವಳಿಗೆ ನೆರಳು ಹೊಸದಲ್ಲ. ಅಡಿಕೆಯ ಕೆಳಗೆ ಯಾಲಕ್ಕಿ, ಅದರ ಕೆಳಗೆ ಅರಿಶಿನ, ಶುಂಠಿ, ಕಾಲುವೆಯಂಚಿಗೆ ಕೆಸು, ಹೀಗೆ ನೆರಳೆಂದರೆ ನಮಗೆ ಬೆಳೆ. ಇಲ್ಲಿಯ ಮೇಪಲ್ಲಿನ ಕೆಳಗೆ ಹುಲ್ಲೂ ಏಳಲಿಲ್ಲ. ಅದರ ಬೇರು ನೆಲದ ಮೇಲ್ಪದರದಲ್ಲೇ ಬಲೆ ಹೆಣೆದು ಬಿದ್ದ ನೀರನ್ನೆಲ್ಲ ಕುಡಿದುಬಿಡುತ್ತದೆ. ಆರು ತಿಂಗಳು ಹಿಮ, ಆಮೇಲೆ ಕಪ್ಪು ಮಣ್ಣು. ಆ ಮೊದಲ ಚಳಿಗಾಲದಲ್ಲಿ ನಾನು ಅತ್ತದ್ದು ನನಗೆ ನೆನಪಿದೆ.

ಏಪ್ರಿಲ್ ಕೊನೆಯ ಒಂದು ಬೆಳಿಗ್ಗೆ ಗ್ಯಾರೇಜಿನ ಹಿಂದೆ, ಕೊಳೆತ ಎಲೆಗಳ ಹಾಸನ್ನು ಚುಚ್ಚಿಕೊಂಡು ನೇರಳೆ ಬಣ್ಣದ ಮೊಳೆಗಳು ಎದ್ದಿದ್ದವು. ಒಂದೊಂದೂ ಕಿರುಬೆರಳಿನಷ್ಟು. ಕೆಲವು ಒಂದು ಒಣ ಮೇಪಲ್ ಎಲೆಯ ನಟ್ಟನಡುವೆ ತೂತು ಕೊರೆದು, ಎಲೆಯನ್ನು ಕೊರಳಿಗೆ ಹಾಕಿಕೊಂಡೇ ಮೇಲೆ ಬಂದಿದ್ದವು. ವಾರದೊಳಗೆ ಬಾಳೆಯ ಸುಳಿ ಬಿಚ್ಚುವಂತೆ ಬಿಚ್ಚಿದವು, ಒಂದು ಎಲೆಯ ಸುರುಳಿಯೊಳಗೆ ಇನ್ನೊಂದು. ಎರಡರ ಸಂದಿಯಿಂದ ತೆಳು ದಂಟು, ಅದರ ಒಂದೇ ಮಗ್ಗುಲಿಗೆ ತಲೆ ತಗ್ಗಿಸಿದ ಹತ್ತು ಹನ್ನೆರಡು ಬಿಳಿ ಮಣಿ. ಮಣಿಯ ಬಾಯಿ ತೆರೆದಾಗ ಅಂಚು ಆರು ಸಣ್ಣ ಹಲ್ಲಾಗಿ ಹಿಂದಕ್ಕೆ ಮಡಚಿಕೊಂಡಿತು. ಮೇ ತಿಂಗಳ ಮೊದಲ ಬೆಚ್ಚನೆಯ ಸಂಜೆ ಬಾಗಿಲು ತೆರೆದರೆ ವಾಸನೆ ಬಂತು. ನಾನು ಅಲ್ಲೇ ನಿಂತೆ, ಏಕೆಂದರೆ ಅದು ಗೊತ್ತಿದ್ದ ವಾಸನೆ. ಅಜ್ಜಿ ಮದುವೆಮನೆಗೆ ಹೊರಡುವಾಗ ಮಾತ್ರ ಹೊರತೆಗೆಯುತ್ತಿದ್ದ ಟಾಲ್ಕಮ್ ಪೌಡರ್ ಡಬ್ಬಿಯ ವಾಸನೆ ಅದು.

ಅದು ಕಾಕತಾಳೀಯವಲ್ಲವೆಂದು ಆಮೇಲೆ ತಿಳಿಯಿತು. ಸೋಪು, ಪೌಡರು, ಅತ್ತರು ಮಾಡುವವರಿಗೆ ಈ ಪರಿಮಳ ಬಹಳ ಬೇಕಾದದ್ದು. ಆದರೆ ಮಲ್ಲಿಗೆಯಿಂದ, ಕೇದಗೆಯಿಂದ ತೆಗೆದ ಹಾಗೆ ಈ ಹೂವಿನಿಂದ ವ್ಯಾಪಾರಕ್ಕಾಗುವಷ್ಟು ಸುಗಂಧ ತೆಗೆಯಲು ಆಗುವುದಿಲ್ಲ. ಬಾಟಲಿಯಲ್ಲಿ ಸಿಗುವುದೆಲ್ಲ ಪ್ರಯೋಗಾಲಯದಲ್ಲಿ ಬೇರೆ ಬೇರೆ ವಸ್ತು ಕೂಡಿಸಿ ಕಟ್ಟಿದ ಪರಿಮಳ. 1956ರಲ್ಲಿ ಫ್ರಾನ್ಸಿನ ಎಡ್ಮೊಂ ರುದ್ನಿತ್ಸ್ಕಾ ಡಿಯೋರ್ ಸಂಸ್ಥೆಗೆಂದು ಮಾಡಿಕೊಟ್ಟ ಡಿಯೋರಿಸ್ಸಿಮೋ ಅಂಥವುಗಳಲ್ಲಿ ಹೆಸರಾದದ್ದು. ಈ ಪರಿಮಳಕ್ಕೆ ಬಹುಕಾಲ ಬಳಸುತ್ತಿದ್ದ ಲಿಲಿಯಲ್ ಎಂಬ ರಾಸಾಯನಿಕವನ್ನು ಯುರೋಪಿಯನ್ ಒಕ್ಕೂಟ 2022ರ ಮಾರ್ಚಿನಿಂದ ಸೌಂದರ್ಯವರ್ಧಕಗಳಲ್ಲಿ ನಿಷೇಧಿಸಿದೆ. ಅಜ್ಜಿಯ ಡಬ್ಬಿಯಲ್ಲಿದ್ದದ್ದು ನಕಲು, ಗ್ಯಾರೇಜಿನ ಹಿಂದೆ ಇದ್ದದ್ದು ಅಸಲು. ನಾನು ಅಸಲನ್ನು ಕಂಡದ್ದು ಮೂವತ್ತು ದಾಟಿದ ಮೇಲೆ.

ಆಗ ಪಕ್ಕದ ಮನೆಯಲ್ಲಿದ್ದ ಅಜ್ಜಿಯ ಹಿರಿಯರು ಫಿನ್ಲೆಂಡಿನಿಂದ ಮಿಶಿಗನ್ನಿನ ಉತ್ತರದ ಗಣಿಗಳಿಗೆ ಬಂದವರು. ಆ ಅಜ್ಜಿ ಬೇಲಿಯಾಚೆಯಿಂದ "ಕಿಯೆಲೋ, ಕಿಯೆಲೋ" ಎಂದು ತೋರಿಸಿದರು. 1967ರಿಂದ ಫಿನ್ಲೆಂಡಿನ ರಾಷ್ಟ್ರೀಯ ಪುಷ್ಪ ಅದು. ಫ್ರಾನ್ಸಿನಲ್ಲಿ ಮೇ 1ರಂದು ಶುಭವಾಗಲೆಂದು ಇದರ ಒಂದು ದಂಟನ್ನು ಒಬ್ಬರಿಗೊಬ್ಬರು ಕೊಡುತ್ತಾರೆ. ಹದಿಮೂರು ಹೂಗಳ ದಂಟು ಸಿಕ್ಕರೆ ಇನ್ನೂ ಅದೃಷ್ಟವೆಂದು ನಂಬಿಕೆ. ಇಂಗ್ಲೆಂಡಿನ ಹೆಲ್ಸ್ಟನ್ ಊರಿನವರು ಮೇ 8ರ ಕುಣಿತಕ್ಕೆ ಇದನ್ನು ಅಂಗಿಗೆ ಸಿಕ್ಕಿಸಿಕೊಂಡು ಬರುತ್ತಾರೆ. ಆ ನಾಡುಗಳವರಿಗೆ ಇದು ಚಳಿ ಮುಗಿಯಿತೆಂಬ ಗುರುತು, ನಮಗೆ ಮಾವಿನ ಚಿಗುರಿದ್ದ ಹಾಗೆ. ಅಲ್ಲಿಯ ಮಕ್ಕಳಿಗೆ ಇದು ವಿಷವೆಂಬುದೂ ಹೂವಿನ ಜೊತೆಗೇ ಗೊತ್ತಾಗುತ್ತದೆ. ಪಕ್ಕದ ಅಜ್ಜಿ ನನಗೂ ಮೊದಲ ದಿನವೇ ಹೇಳಿದ್ದರು. ನಿಮಗೆ ದಾಟಿಸಬೇಕಾದ ಆ ಮಾತು ನನ್ನಲ್ಲೇ ನಿಂತುಹೋಯಿತು.

ಹೆಸರಿನಲ್ಲಿ ಲಿಲಿ ಇದ್ದರೂ ಇದು ಲಿಲಿಯಲ್ಲ. ಈಗಿನ ಸಸ್ಯಶಾಸ್ತ್ರದಲ್ಲಿ ಇದು ಶತಾವರಿಯ ಕುಟುಂಬದ್ದು. ನಾವು ಹಲವು ಮಕ್ಕಳ ತಾಯಿಬೇರು ಎನ್ನುತ್ತೇವಲ್ಲ, ಆ ಶತಾವರಿ. ನಮ್ಮ ಸುಗಂಧರಾಜವೂ ಬೇಲಿಯ ಕತ್ತಾಳೆಯೂ ಅದೇ ಕುಟುಂಬ. ಹಲವು ಮಕ್ಕಳ ತಾಯಿ ಎಂಬ ಹೆಸರು ಇದಕ್ಕೂ ಒಪ್ಪುತ್ತದೆ, ಹೇಗೆಂದು ಮುಂದೆ ಹೇಳುತ್ತೇನೆ.

ಬೆಳೆಸುವ ಕ್ರಮ ಕೇಳಿ. ಈಗ ಸೆಪ್ಟೆಂಬರ್ ಕೊನೆ, ಎಲೆ ಹಳದಿ ತಿರುಗುತ್ತಿದೆ. ಇಂದಿನಿಂದ ನೆಲ ಹೆಪ್ಪುಗಟ್ಟುವ ತನಕ ಇದನ್ನು ಕೀಳಲು, ಪಾಲು ಮಾಡಲು, ನೆಡಲು ಸರಿಯಾದ ಕಾಲ. ಒಂದು ಹೆಂಟೆ ಎತ್ತಿ ಮಣ್ಣು ಉದುರಿಸಿ ನೋಡಿ. ದಾರದಷ್ಟು ಸಣ್ಣ, ಕೆನೆಬಣ್ಣದ ಬೇರುಕಾಂಡ ಅಡ್ಡಡ್ಡ ಹರಿದಿರುತ್ತದೆ, ಅದರ ತುದಿಗಳಲ್ಲಿ ತಲೆಯೆತ್ತಿದ ಮೊಗ್ಗುಗಳು. ಇಲ್ಲಿ ಅದಕ್ಕೆ ಪಿಪ್ ಎನ್ನುತ್ತಾರೆ. ಕೆಲವು ಸೂಜಿಯಂತೆ ಚೂಪಾಗಿ ತೆಳ್ಳಗಿರುತ್ತವೆ, ಅವು ಮುಂದಿನ ವರ್ಷ ಎಲೆ ಮಾತ್ರ ಕೊಡುತ್ತವೆ. ಕೆಲವು ಬುಡದಲ್ಲಿ ಉಬ್ಬಿ ತುದಿ ಮೊಂಡಾಗಿರುತ್ತವೆ. ಬೆರಳಲ್ಲಿ ಒತ್ತಿದರೆ ಒಳಗೆ ಏನೋ ತುಂಬಿದೆ ಅನ್ನಿಸುತ್ತದೆ, ಹೂವು ಬರುವುದು ಅವುಗಳಲ್ಲಿ. ಅಂಥವನ್ನು ಆರಿಸಿ, ನಾಲ್ಕು ಬೆರಳಿನ ಅಂತರಕ್ಕೆ ಒಂದೊಂದು, ತುದಿಯ ಮೇಲೆ ಒಂದು ಅಂಗುಲ ಮಣ್ಣು ಬರುವ ಹಾಗೆ ನೆಡಿ. ಬೇರನ್ನು ಮಡಚಿ ತುರುಕಬೇಡಿ, ಉದ್ದಕ್ಕೆ ಬಿಡಿ.

ಮೊದಲ ವಸಂತದಲ್ಲಿ ಹೂ ಬರಲಿಲ್ಲವೆಂದು ನಿಮ್ಮಲ್ಲಿ ಎಷ್ಟೋ ಮಂದಿ ಕೇಳಿದ್ದೀರಿ. ಬರದಿರುವುದೇ ಹೆಚ್ಚು. ಎರಡನೆಯ, ಮೂರನೆಯ ವರ್ಷ ಕಾಯಿರಿ. ಆಮೇಲೂ ಬರದಿದ್ದರೆ ನೆರಳು ಅತಿಯಾಗಿದೆಯೆಂದು ತಿಳಿಯಿರಿ. ನೆರಳಿನ ಗಿಡವೆಂದರೆ ಕತ್ತಲೆಯ ಗಿಡವಲ್ಲ. ಎಲೆಗಳ ಸಂದಿಯಿಂದ ಚುಕ್ಕಿಚುಕ್ಕಿಯಾಗಿ ಬೆಳಗಿನ ಬಿಸಿಲು ಬೀಳುವಲ್ಲಿ ಇದು ಚೆನ್ನಾಗಿ ಹೂ ಬಿಡುತ್ತದೆ. ಮಧ್ಯಾಹ್ನದ ಬಿಸಿಲಿಗೆ ಎಲೆಯಂಚು ಸುಟ್ಟು ಕಂದಾಗುತ್ತದೆ. ನೀರಿನ ಮಾತು ಬಂದರೆ, ಜುಲೈನಲ್ಲಿ ಮಳೆ ಕೈಕೊಟ್ಟಾಗ ವಾರಕ್ಕೊಮ್ಮೆ ಚೆನ್ನಾಗಿ ನೆನೆಸಿ. ಬಿಟ್ಟರೆ ಸಾಯುವುದಿಲ್ಲ, ಎಲೆ ಒಣಗಿಸಿಕೊಂಡು ಬೇಗ ಮಲಗಿಬಿಡುತ್ತದೆ. ಗೊಬ್ಬರ ಅಂಗಡಿಯಿಂದ ತರಬೇಡಿ. ನಮ್ಮೂರಲ್ಲಿ ಅಡಿಕೆ ಬುಡಕ್ಕೆ ದರಗು ಹಾಕುವ ಹಾಗೆ, ಅಕ್ಟೋಬರಿನಲ್ಲಿ ಬಿದ್ದ ಮೇಪಲ್ ಎಲೆಯನ್ನು ಹುಲ್ಲು ಕತ್ತರಿಸುವ ಯಂತ್ರದಲ್ಲಿ ಪುಡಿಮಾಡಿ ಒಂದು ಅಂಗುಲ ಹರಡಿ. ಇಷ್ಟೇ ನಾನು ಮಾಡುವುದು. ನಾಲ್ಕೈದು ವರ್ಷಕ್ಕೆ ಪಾತಿ ಕಿಕ್ಕಿರಿದು ಹೂ ಕಡಿಮೆಯಾದರೆ ಎತ್ತಿ ಬಿಡಿಸಿ. ಜಿಂಕೆ, ಮೊಲ ಮುಟ್ಟುವುದಿಲ್ಲ. ಏಕೆ ಮುಟ್ಟುವುದಿಲ್ಲ ಎಂದು ನಾನು ಮೊದಲೇ ಯೋಚಿಸಿದ್ದರೆ ನಿಮಗೂ ಹೇಳಿರುತ್ತಿದ್ದೆ.

ಇನ್ನು ಜಾಗ. ಇದೇ ಈ ಪತ್ರದ ಮುಖ್ಯ ಮಾತು. ಅಡುಗೆಮನೆಯ ಬಾಗಿಲು ಬೇಡ. ತರಕಾರಿ ಮಡಿಯ ಹತ್ತಿರ ಬೇಡವೇ ಬೇಡ. ಕೊತ್ತಂಬರಿ, ಮೆಂತ್ಯ, ಪುದೀನ ಕೊಯ್ಯುವ ಕೈ ಅದೇ ಅಭ್ಯಾಸದಲ್ಲಿ ಪಕ್ಕಕ್ಕೂ ಹೋಗುತ್ತದೆ. ಕುಂಡದಲ್ಲಿ ಅರಿಶಿನ ಬೆಳೆಸುವವರು ಆ ಕುಂಡವನ್ನು ಮನೆಯ ಈ ಕೊನೆಯಲ್ಲಿಟ್ಟರೆ ಇದು ಆ ಕೊನೆಯಲ್ಲಿರಲಿ. ಮಕ್ಕಳ ಮರಳಿನ ಗುಂಡಿಯ ಬಳಿಯೂ ಬೇಡ. ಗ್ಯಾರೇಜಿನ ಗೋಡೆಗೂ ಸಿಮೆಂಟಿನ ದಾರಿಗೂ ನಡುವೆ ಎರಡಡಿಯ ಪಟ್ಟಿ ಇರುತ್ತದಲ್ಲ, ಅದಕ್ಕಿಂತ ಒಳ್ಳೆಯ ಜಾಗ ಇಲ್ಲ. ಎರಡೂ ಕಡೆ ಗಟ್ಟಿ ಅಂಚು, ಬೇರು ದಾಟುವುದಿಲ್ಲ. ಅಂಥ ಜಾಗ ಇಲ್ಲದಿದ್ದರೆ ಒಂದಡಿ ಆಳಕ್ಕೆ ಗಟ್ಟಿ ಪ್ಲಾಸ್ಟಿಕ್ ತಡೆಪಟ್ಟಿ ಹೂಳಿ, ಅಂಚು ಮಣ್ಣಿನ ಮೇಲೆ ಎರಡು ಬೆರಳು ಕಾಣುತ್ತಿರಲಿ. ಇಲ್ಲವೇ ದೊಡ್ಡ ಕುಂಡ. ಕುಂಡದಲ್ಲಿ ಇನ್ನೊಂದು ಅನುಕೂಲವಿದೆ: ಚಳಿಗಾಲವೆಲ್ಲ ಹೊರಗೆ ಚಳಿ ತಿನ್ನಿಸಿ, ಫೆಬ್ರವರಿ ಕೊನೆಗೆ ಮನೆಯೊಳಗೆ ತಂದು ನೀರುಣಿಸಿದರೆ ಮೂರು ನಾಲ್ಕು ವಾರದಲ್ಲಿ ಹೂ ಬರುತ್ತದೆ, ಯುಗಾದಿಯ ಹೊತ್ತಿಗೆ. ಹೂವಿನ ಕುಂಡವನ್ನು ಎತ್ತರದ ಕಿಟಕಿಯಲ್ಲಿಡಿ, ದೇವರ ಮುಂದಿನ ತಟ್ಟೆಯಲ್ಲಿ ಬೇಡ. ಪ್ರಸಾದಕ್ಕೆ ಬೆರೆಯುವ ಯಾವ ಹೂವಿನ ಜೊತೆಗೂ ಇದು ಇರಕೂಡದು.

ತಡೆ ಯಾಕೆ ಬೇಕೆಂದರೆ, ಆ ಹಲವು ಮಕ್ಕಳ ತಾಯಿಯ ಮಾತು. ನನ್ನ ಹಿತ್ತಲಿನ ಬೇಲಿಯಾಚೆ ಟೌನ್‌ಶಿಪ್ಪಿಗೆ ಸೇರಿದ ಸಣ್ಣ ಕಾಡಿದೆ, ಓಕ್ ಮತ್ತು ಬೀಚ್ ಮರಗಳದು. ನಾವು ಬಂದ ಮೊದಲ ವಸಂತದಲ್ಲಿ ಅಲ್ಲಿ ಟ್ರಿಲಿಯಮ್ ನೋಡಿದ್ದೆ. ಮೂರು ಎಲೆ, ಮೂರು ಬಿಳಿ ಎಸಳು, ನೆಲದ ಮೇಲೆ ಹಾಲು ಚೆಲ್ಲಿದ ಹಾಗೆ. ಬೀಜ ಬಿದ್ದು ಹೂ ಬಿಡಲು ಅದಕ್ಕೆ ಏಳೆಂಟು ವರ್ಷವಾದರೂ ಬೇಕು. ಅದು ಅಷ್ಟು ನಿಧಾನದ ಗಿಡ. ಗೆಜ್ಜೆಹೂವಿಗೆ ಬೀಜವೂ ಬೇಕಿಲ್ಲ, ಬೇರೇ ನಡೆದು ಹೋಗುತ್ತದೆ. ಬೇಲಿಯ ಕೆಳಗೆ ದಾಟಿದ್ದು ನನ್ನ ಕಣ್ಣಿಗೆ ಬೀಳುವ ಹೊತ್ತಿಗೆ ಆಚೆ ನಮ್ಮ ಊಟದ ಮನೆಯಷ್ಟು ಅಗಲಕ್ಕೆ ಹಾಸಿಕೊಂಡಿತ್ತು. ಅದರ ಎಲೆಗಳ ಕೆಳಗೆ ಬೇರೆ ಯಾವ ಮೊಳಕೆಗೂ ಬೆಳಕಿಲ್ಲ, ಬೇರಿನ ಚಾಪೆಯಲ್ಲಿ ಬೇರೆ ಯಾವುದಕ್ಕೂ ಜಾಗವಿಲ್ಲ. ಆ ಹಾಸಿನ ನಡುವೆ ಟ್ರಿಲಿಯಮ್ ಒಂದೂ ಇರಲಿಲ್ಲ. ಅಂಚಿನಲ್ಲಿ ಒಂದು, ಇನ್ನೂ ಹೂ ಬಿಡದ ಮರಿ, ಮೂರೆಲೆಯಲ್ಲಿ ಒಂದು ಮಾತ್ರ ಬೆಳಕಿಗೆ ಚಾಚಿತ್ತು.

ಶಾಲೆಗೆ ಹೋಗುವ ದಾರಿಯ ಇಕ್ಕೆಲಕ್ಕೂ ಲಂಟಾನ ನೋಡಿ ಬೆಳೆದವಳು ನಾನು. ಅದೂ ಹೂವಿನ ಚೆಲುವಿಗೆಂದು ಯಾರೋ ತಂದು ನೆಟ್ಟ ಗಿಡವೇ. ಗುಡ್ಡದ ಮೇವು ನುಂಗಿ, ದನಕ್ಕೆ ವಿಷವಾಗಿ, ಇಂದಿಗೂ ಬಂಡೀಪುರದಂಥ ಕಾಡುಗಳನ್ನು ಕಾಡುತ್ತಿದೆ. ನಾನು ಈ ನಾಡಿಗೆ ಬಂದು ಅದನ್ನೇ ಮಾಡಿದೆನಲ್ಲ ಎನ್ನುವುದು ಆ ಮರಿ ಟ್ರಿಲಿಯಮ್ ಎದುರು ಕೂತಾಗ ಅರ್ಥವಾಯಿತು. ಟೌನ್‌ಶಿಪ್ಪಿನವರನ್ನು ಕೇಳಿ ಒಪ್ಪಿಗೆ ಪಡೆದು ಮೂರು ವಸಂತ ಅಗೆದೆ. ಗುದ್ದಲಿ ಹಾಕಿದರೆ ಬೇರು ತುಂಡಾಗುತ್ತದೆ, ಮೊಗ್ಗಿರುವ ಪ್ರತಿ ತುಂಡೂ ಮತ್ತೆ ಗಿಡವಾಗುತ್ತದೆ. ಹಾಗಾಗಿ ಹಾರೆಯಲ್ಲಿ ಮಣ್ಣು ಸಡಿಲಿಸಿ ಕೈಯಲ್ಲೇ ಬೇರು ಹಿಡಿದೆಳೆಯಬೇಕು, ತಲೆಗೂದಲಿನ ಸಿಕ್ಕು ಬಿಡಿಸಿದಂತೆ, ಒಂದೊಂದು ಎಳೆ. ಕೈಗವಸು ಹಾಕಿಕೊಂಡು. ಕಿತ್ತದ್ದನ್ನು ಕಪ್ಪು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ಬೇಸಿಗೆ ಪೂರ್ತಿ ಬಿಸಿಲಿಗಿಟ್ಟೆ. ಅದನ್ನು ಕಾಂಪೋಸ್ಟಿಗೆ ಹಾಕಕೂಡದು, ಮನೆಯ ಹಿಂದಿನ ಕಾಡಿಗೆ ಎಸೆಯಕೂಡದು. ನಿಮ್ಮಲ್ಲಿ ಕೆಲವರು "ಜಾಸ್ತಿ ಆಯ್ತು ಅಂತ ಹಿಂದ್ಗಡೆ ಎಸೆದ್ವಿ" ಎಂದದ್ದು ನನಗೆ ಗೊತ್ತು. ದಯವಿಟ್ಟು ಹೋಗಿ ನೋಡಿ, ಅದು ಅಲ್ಲಿ ಸತ್ತಿರುವುದಿಲ್ಲ.

ಮರಿ ಟ್ರಿಲಿಯಮ್ ಈ ಮೇ ತಿಂಗಳಲ್ಲಿ ಹೂ ಬಿಟ್ಟಿತು. ಒಂದೇ ಹೂ.

ಗಿಡ ತೆಗೆಸಿದರೆ ಅಲ್ಲಿಗೆ ಏನು ಹಾಕುವುದೆಂದು ಕೇಳುವವರಿಗೆ: ಫೋಮ್‌ಫ್ಲವರ್, ಸಾಲೊಮನ್ಸ್ ಸೀಲ್, ಕ್ರಿಸ್ಮಸ್ ಫರ್ನ್ ಎಲ್ಲ ಈ ನಾಡಿನ ನೆರಳಿನವೇ, ನರ್ಸರಿಯಲ್ಲಿ ಸಿಗುತ್ತವೆ. ವೈಲ್ಡ್ ಜಿಂಜರ್ ಎಂಬುದೂ ಚೆಂದದ ಹಾಸು. ಆದರೆ ಅದರ ಬೇರಿಗೆ ಶುಂಠಿಯ ವಾಸನೆ ಇದೆಯೆಂದು ಯಾರೂ ಕಷಾಯಕ್ಕೆ ಜಜ್ಜಬಾರದು. ಅದು ಶುಂಠಿಯ ಜಾತಿಯಲ್ಲ, ಮೂತ್ರಪಿಂಡ ಕೆಡಿಸುವ ಅರಿಸ್ಟೊಲೋಕಿಕ್ ಆಮ್ಲ ಅದರಲ್ಲಿದೆ. ಅಮ್ಮ ಬಂದ ದಿನವೇ ಅದನ್ನೂ ತೋರಿಸಿ ಹೇಳಿ.

ಊರಿಗೆ ಒಯ್ಯುವ ಆಸೆಯೂ ಕೆಲವರಿಗಿದೆ. ಒಯ್ಯಬೇಡಿ. ಈ ಬೇರಿಗೆ ವಾರಗಟ್ಟಲೆ ಕೊರೆಯುವ ಚಳಿ ಬಿದ್ದರಷ್ಟೇ ಮೊಗ್ಗು ಎಚ್ಚರಗೊಳ್ಳುವುದು. ಸೊನ್ನೆಯ ಕೆಳಗೆ ಮೂವತ್ತೈದು ಡಿಗ್ರಿಯನ್ನೂ ತಡೆಯುವ ಗಿಡ ಬೆಂಗಳೂರಿನ ಜನವರಿಯನ್ನು ಚಳಿಯೆಂದೇ ಎಣಿಸುವುದಿಲ್ಲ. ಮೇಲಾಗಿ ಪರವಾನಗಿಯಿಲ್ಲದೆ ಗಿಡ, ಬೇರು, ಮಣ್ಣು ತರುವುದು ಭಾರತದ 2003ರ ಸಸ್ಯ ಕ್ವಾರಂಟೈನ್ ಆದೇಶಕ್ಕೆ ವಿರುದ್ಧ. ಅಮ್ಮನ ಅಂಗಳಕ್ಕೆ ಇದರ ದಾಯಾದಿ ಸುಗಂಧರಾಜ ಇದೆಯಲ್ಲ.

ಈಗ ನಾನು ನಿಮ್ಮಿಂದ ಕೇಳುವುದು. ಈ ಪತ್ರ ಓದಿದ ಮೇಲೆ ಹಿತ್ತಲಿಗೆ ಹೋಗಿ ಗಿಡ ಎಲ್ಲಿದೆ, ಎಷ್ಟು ಹಬ್ಬಿದೆ ನೋಡಿ. ಉಳಿಸಿಕೊಳ್ಳುವವರು ಒಂದು ಕಲ್ಲಿನ ಮೇಲೆ ಬಣ್ಣದಲ್ಲಿ "ವಿಷ, ತಿನ್ನಬಾರದು" ಎಂದು ಕನ್ನಡದಲ್ಲಿ ಬರೆದು ಪಾತಿಯಲ್ಲಿಡಿ. ಊರಿಂದ ಬರುವ ಹಿರಿಯರು ಓದುವುದು ಕನ್ನಡ. ನನ್ನ ಪಾತಿಯಲ್ಲಿ ಮಗಳು ಬರೆದ ಕಲ್ಲು ಇಟ್ಟಿದ್ದೇನೆ. ನೀವು ಗಿಡ ಕೊಟ್ಟವರಿಗೂ ಈ ಪತ್ರ ತಲುಪಿಸಿ.

ತೆಗೆಯಬೇಕೆನ್ನುವವರಿಗೆ, ಅಡುಗೆಮನೆಯ ಬಾಗಿಲಿನಿಂದ ಬೇರೆ ಕಡೆಗೆ ಸರಿಸಬೇಕೆನ್ನುವವರಿಗೆ ನಾನೇ ಬಂದು ಅಗೆದುಕೊಡುತ್ತೇನೆ. ಅಕ್ಟೋಬರಿನ ಎಲ್ಲ ಶನಿವಾರಗಳನ್ನೂ ಇದಕ್ಕೇ ಇಟ್ಟಿದ್ದೇನೆ, ಮಳೆಯಿದ್ದರೆ ಭಾನುವಾರ. ಮೊದಲ ಶನಿವಾರ ನಾಗರಪಂಚಮಿಯ ಆ ಮನೆಗೆ ಹೋಗುತ್ತೇನೆಂದು ಮಾತು ಕೊಟ್ಟಾಗಿದೆ. ಆ ಅತ್ತೆಯವರು ನವೆಂಬರಿನಲ್ಲಿ ಊರಿಗೆ ಹೊರಡುತ್ತಾರೆ, ಅದರೊಳಗೆ ಆ ಮೆಟ್ಟಿಲ ಪಕ್ಕ ಖಾಲಿಯಾಗಬೇಕು. ಹಾರೆ, ಗುದ್ದಲಿ, ಕೈಗವಸು ನನ್ನಲ್ಲಿವೆ. ಅಗೆದ ಜಾಗವನ್ನು ಎರಡು ಬೇಸಿಗೆ ಮುಚ್ಚಿಡಬೇಕು. ಅದಕ್ಕೆ ದೊಡ್ಡ ರಟ್ಟಿನ ಡಬ್ಬಗಳು ಬೇಕು, ಟಿವಿಯದೋ ಫ್ರಿಜ್ಜಿನದೋ ಆದರೆ ಒಳ್ಳೆಯದು. ಮನೆಯಲ್ಲಿದ್ದರೆ ಎಸೆಯದೆ ಎತ್ತಿಡಿ. ಟೇಪು, ಪಿನ್ನು ಕಿತ್ತು, ಬಿಚ್ಚಿ, ಚಪ್ಪಟೆ ಮಾಡಿ ಗ್ಯಾರೇಜಿನಲ್ಲಿಟ್ಟಿರಿ.

ನಿಮ್ಮ ಅಕ್ಕ,
ಗ್ಯಾರೇಜಿನ ಹಿಂದಿನ ಪಾತಿಯವಳು